ಗೋಡೆಯ ಮೇಲಿನ ಮೂವತ್ತು

ಪಾಣೆಮಂಗಳೂರಿನಿಂದ ಹಿಡಿದು ನೆರಿಯದ ಕಾಡಿನ ಅಂಚಿನವರೆಗೆ ಯಾರ ಹತ್ತಿರ ಬೇಕಾದರೂ ‘ಮೂವತ್ತು ಮೋನಪ್ಪ’ ಯಾರು ಎಂದು ಕೇಳಿ, ನನ್ನ ಮನೆಯ ದಾರಿ ತೋರಿಸುತ್ತಾರೆ. ಮೂವತ್ತು ಎಂಬುದು ನಮ್ಮ ಮನೆತನದ ಹೆಸರಲ್ಲ. ಅದು ಟಯರಿಗೆ ತುಂಬಿಸುವ ಗಾಳಿಯ ಅಳತೆ. ನೇತ್ರಾವತಿ ಸೇತುವೆಯ ಹತ್ತಿರದ ಒಂದು ಟಯರ್ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ದುಡಿದು, ಎರಡು ವರ್ಷದ ಹಿಂದೆ ಮೊಣಕಾಲು ಮುಷ್ಕರ ಹೂಡಿದ ಮೇಲೆ ಮನೆಯಲ್ಲಿ ಕೂತವನು ನಾನು. ಆ ಮೂವತ್ತರಿಂದಲೇ ನನಗೆ ಹೆಸರು ಬಂತು. ಆ ಮೂವತ್ತೇ ಕೊನೆಯ ವರ್ಷದಲ್ಲಿ ನನ್ನ ಮಾನ ತೆಗೆಯಲಿಕ್ಕೂ ಹೊರಟಿತು. ತೆಗೆಯಿತೇ ಎಂದರೆ ಇಲ್ಲ. ಗೆದ್ದವನು ನಾನೇ ಎಂದು ಮೊದಲೇ ಹೇಳಿಬಿಡುತ್ತೇನೆ. ಸೋತ ಕಥೆಯನ್ನು ಕೂತು ಬರೆಯುವಷ್ಟು ತಾಳ್ಮೆ ನನಗಿಲ್ಲ.

ಈಗ ಈ ಕೆಲಸಕ್ಕೆ ಸೇರುವವರಿಗೆ ಟಯರು ಬಿಚ್ಚಲು ಯಂತ್ರ ಉಂಟು, ಗಾಳಿ ತಾನಾಗಿ ನಿಲ್ಲುವ ಯಂತ್ರ ಉಂಟು. ನಾನು ಸೇರುವಾಗ ಇದ್ದದ್ದು ಎರಡು ಕಬ್ಬಿಣದ ಲಿವರು, ಒಂದು ಸುತ್ತಿಗೆ, ಬೆಳಿಗ್ಗೆ ಕೆಮ್ಮಿ ಕೆಮ್ಮಿ ಏಳುವ ಒಂದು ಕಂಪ್ರೆಸರ್. ಗಾಳಿ ಸಾಕೋ ಎಂದು ನೋಡಲು ಊರಿಗೆಲ್ಲ ಗೊತ್ತಿದ್ದ ಒಂದೇ ವಿಧಾನವೆಂದರೆ ಒದೆಯುವುದು. ಜೀಪಿನಿಂದ ಇಳಿದ ಧಣಿಗಳು ಟಯರಿಗೆ ಒಂದು ಒದೆ ಕೊಟ್ಟು, ‘ಇನ್ನೂ ಹಾಕು ಮಾರಾಯ, ಕಲ್ಲಿನ ಹಾಗೆ ಆಗ್ಬೇಕು’ ಎನ್ನುತ್ತಿದ್ದರು. ಹಾಗೆ ಕಲ್ಲು ಮಾಡಿಸಿಕೊಂಡು ಹೋದ ಜೀಪುಗಳು ಘಟ್ಟದ ಬುಡದಲ್ಲಿ ಕುಪ್ಪಳಿಸಿ, ಎರಡು ವಾರಕ್ಕೆ ಒಂದು ಟಯರು ಒಡೆದುಕೊಂಡು ಬರುತ್ತಿದ್ದವು. ನನಗೆ ಸಿಟ್ಟು ಬೇಗ. ಒಂದು ದಿನ ಕೆಂಪು ಬಣ್ಣದ ಡಬ್ಬಿ ತಂದು ಅಂಗಡಿಯ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆದೆ: ‘ಜೀಪಿಗೆ, ಕಾರಿಗೆ ಗಾಳಿ ೩೦. ಒದೆಯಬೇಡಿ.’

ಮಾಲಕರಾದ ಇದಿನಬ್ಬ ಬ್ಯಾರಿಗಳು ಮಧ್ಯಾಹ್ನ ಊಟ ಮುಗಿಸಿ ಬಂದು ಗೋಡೆ ನೋಡಿದರು. ‘ಬಣ್ಣಕ್ಕೆ ಎಷ್ಟಾಯ್ತು?’ ಎಂದು ಕೇಳಿ ಅದನ್ನು ಕೊಟ್ಟರು, ಬೇರೇನೂ ಹೇಳಲಿಲ್ಲ. ಅವರೇ ನನಗಿದ್ದ ಒಬ್ಬರೇ ಮೇಲಧಿಕಾರಿ. ಒಂದು ದಿನವೂ ಸ್ವರ ಎತ್ತಿದವರಲ್ಲ. ನಾವು ಕೆಲಸ ಕೆಡಿಸಿದರೆ ಎದುರಿನ ಹೋಟೆಲಿನಿಂದ ಚಾ ತರಿಸಿ ಕೈಗೆ ಕೊಟ್ಟು, ಕುಡಿದು ಮುಗಿಸುವವರೆಗೆ ನಮ್ಮ ಮುಖವನ್ನೇ ನೋಡುತ್ತ ಕೂರುತ್ತಿದ್ದರು. ಆ ಚಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೈಸಿಕೊಂಡರೆ ಎಷ್ಟೋ ವಾಸಿ ಎನ್ನಿಸುತ್ತಿತ್ತು.

ಮೂವತ್ತು ಹಿಡಿಯಿತು. ಟಯರು ಒಡೆಯುವುದು ಕಡಿಮೆಯಾಯಿತು. ನಮ್ಮಲ್ಲಿಗೆ ಬಂದವರು ತಮ್ಮ ಊರಿಗೆ ಹೋಗಿ ಅಲ್ಲಿನ ಪಂಚರ್ ಅಂಗಡಿಯಲ್ಲಿ ‘ಮೂವತ್ತು ಹಾಕಿ, ಮೋನಪ್ಪಣ್ಣ ಹೇಳಿದ್ದು’ ಎನ್ನತೊಡಗಿದರು. ಕಲ್ಲಡ್ಕದಲ್ಲಿ ಒಮ್ಮೆ ಚಾ ಕುಡಿಯುವಾಗ ಪಕ್ಕದ ಮೇಜಿನವರು ನನ್ನ ಗುರುತಿಲ್ಲದೆ ನನ್ನದೇ ಮೂವತ್ತನ್ನು ನನಗೇ ವಿವರಿಸಿದರು. ಆ ದಿನ ನನ್ನ ಎದೆ ಟ್ರಾಕ್ಟರ್ ಟಯರಿನಷ್ಟು ಉಬ್ಬಿತ್ತು.

ಇನ್ನೊಂದು ವಿದ್ಯೆ ನನ್ನ ಅಂಗೈಯದ್ದು. ಟಯರಿನ ಮೇಲೆ ಅಂಗೈ ಇಟ್ಟು ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಸವರಿದರೆ ಗಾಡಿಯ ಜಾತಕವೇ ಸಿಗುತ್ತದೆ. ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ಗರಗಸದ ಹಾಗೆ ಕೈಗೆ ತಾಗಿದರೆ ಚಕ್ರ ನೇರ ಕೂತಿಲ್ಲ, ಅಲೈನ್‌ಮೆಂಟ್ ತಪ್ಪಿದೆ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ. ಈ ಕೊನೆಯ ವಾಕ್ಯವನ್ನು ನೆನಪಿಟ್ಟುಕೊಳ್ಳಿ. ನಾನು ಮೂವತ್ತೆಂಟು ವರ್ಷ ಎಲ್ಲರಿಗೂ ಹೇಳಿದ ಪಾಠ ಇದು, ನನಗೇ ಬೇಕಾದ ದಿನ ಮರೆತದ್ದೂ ಇದನ್ನೇ.

ಕೊನೆಯ ನಾಲ್ಕೈದು ವರ್ಷಗಳಲ್ಲಿ ಬ್ಯಾಟರಿ ಕಾರುಗಳು ಬಂದವು. ಮೊದಲನೆಯದು ಬಂದ ದಿನ ನಾನು ಮಾಡಿದ ಘನಕಾರ್ಯವನ್ನೂ ಹೇಳಬೇಕು. ಮೂಡುಬಿದಿರೆಯ ಒಬ್ಬರು, ಗಲ್ಫಿನಲ್ಲಿ ಹೋಟೆಲು ನಡೆಸಿ ಬಂದವರು, ಹೊಳೆಯುವ ಕಾರು ತಂದು ನಿಲ್ಲಿಸಿದರು. ಪಂಚರ್ ಆಗಿತ್ತು. ನಾನು ಅಂಬಾಸಿಡರ್ ಕಾಲದ ಅಭ್ಯಾಸದಂತೆ ದೊಡ್ಡ ಜಾಕನ್ನು ಗಾಡಿಯ ಹೊಟ್ಟೆಯ ಕೆಳಗೆ ದೂಡಿ ಎತ್ತಿಯೇಬಿಟ್ಟೆ. ‘ಕಟಕ್’ ಎಂದು ಒಂದು ಶಬ್ದ ಬಂತು. ಅವರು ತಲೆಗೆ ಕೈ ಇಟ್ಟುಕೊಂಡು, ‘ಅಯ್ಯೋ, ಅಲ್ಲಿ ಬ್ಯಾಟರಿ ಉಂಟು ಮಾರಾಯ್ರೆ!’ ಎಂದು ಕೂಗಿದರು. ಪುಣ್ಯಕ್ಕೆ ಹೊರಗಿನ ತಗಡು ಮಾತ್ರ ತಗ್ಗಾಗಿತ್ತು. ಬ್ಯಾರಿಗಳು ಅದನ್ನು ಸರಿ ಮಾಡಿಸಿಕೊಟ್ಟರು, ನನಗೆ ಚಾ ತರಿಸಿದರು. ಬ್ಯಾಟರಿ ಕಾರಿನಲ್ಲಿ ಜಾಕ್ ಇಡಲು ಬದಿಯಲ್ಲಿ ಗುರುತಿನ ಜಾಗ ಇರುತ್ತದೆ, ಅಲ್ಲಿ ಮಾತ್ರ ಇಡಬೇಕು. ಈ ಪಾಠ ನನಗೆ ಒಂದು ಲೋಟ ಚಾದಲ್ಲಿ ಬಂತು.

ಇನ್ನೊಂದು ಕಾರಿನ ಟಯರು ಬಿಚ್ಚಿದರೆ ಒಳಗೆ ಸುತ್ತಲೂ ಸ್ಪಂಜು. ಯಾರೋ ಮೋಸ ಮಾಡಿ ಹಾಸಿಗೆಯ ತುಂಡು ತುರುಕಿದ್ದಾರೆ ಎಂದುಕೊಂಡು ಪೂರ್ತಿ ಕಿತ್ತು ಬಿಸಾಡಿ, ಶುಚಿ ಮಾಡಿ, ಹೆಮ್ಮೆಯಿಂದ ಕೂರಿಸಿಕೊಟ್ಟೆ. ಮರುದಿನವೇ ಅವರು ಬಂದು, ‘ಗಾಡಿ ಜೇನುಗೂಡಿನ ಹಾಗೆ ಗುಂಯ್ ಅಂತದೆ, ಎಂತ ಮಾಡಿದ್ದು?’ ಎಂದು ಕೇಳಿದರು. ಇಂಜಿನ್ ಸದ್ದಿಲ್ಲದ ಗಾಡಿಯಲ್ಲಿ ರಸ್ತೆಯ ಸದ್ದು ಕಿವಿಗೆ ಬೀಳಬಾರದೆಂದು ಕಂಪೆನಿಯವರೇ ಅಂಟಿಸಿದ ಸ್ಪಂಜು ಅದು. ಮತ್ತೊಂದು ಲೋಟ ಚಾ ಕುಡಿದೆ.

ಇಷ್ಟೆಲ್ಲ ಆದರೂ ನನ್ನ ಗರ್ವ ಇಳಿದಿರಲಿಲ್ಲ. ಗಾಡಿ ಬ್ಯಾಟರಿಯದ್ದಾದರೆ ಏನು, ಟಯರು ರಬ್ಬರಿನದ್ದೇ ಅಲ್ಲವೇ ಎಂದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದೆ. ಹಾಗೆ ಹೇಳಿಕೊಂಡು ತಿರುಗುತ್ತಿದ್ದಾಗಲೇ ವಿಮಲಾ ಬಂದಳು.

ವಿಮಲಾ ನೆರಿಯದವಳು, ನಲವತ್ತು ದಾಟಿದ ಹೆಂಗಸು. ಅವಳ ತಂದೆ ಕೊರಗಪ್ಪಣ್ಣನ ಜೀಪಿಗೆ ನಾನು ಎಷ್ಟು ಟಯರು ಹಾಕಿದ್ದೇನೋ ಲೆಕ್ಕವಿಲ್ಲ. ತಂದೆ ಹೋದ ಮೇಲೆ ಅವಳು ಜೀಪು ಮಾರಿ ಒಂದು ಸಣ್ಣ ಬ್ಯಾಟರಿ ಕಾರು ತೆಗೆದುಕೊಂಡಿದ್ದಳು. ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ತನ್ನ ಊರಿನ ಮೂವರನ್ನು ಡಯಾಲಿಸಿಸ್‌ಗೆ ಮೂಡುಬಿದಿರೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವುದು ಅವಳ ಮುಖ್ಯ ಕೆಲಸ. ಅವರಿಗೆ ಪಾಳಿ ಸಿಕ್ಕಿದ್ದು ಅಲ್ಲಿ. ಮೂರು ಮನೆಗಳಿಂದ ಹತ್ತಿಸಿಕೊಂಡು ಕಕ್ಕಿಂಜೆ, ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ, ವೇಣೂರು ದಾಟಿ ಹೋಗಿ ಬಂದರೆ ನೂರಮೂವತ್ತು ಕಿಲೋಮೀಟರಿನ ಮೇಲಾಗುತ್ತದೆ. ಪೆಟ್ರೋಲು ಗಾಡಿಯಲ್ಲಾದರೆ ಅವರು ಕೊಡಬಹುದಾದ ಬಾಡಿಗೆಗೆ ಈ ಓಡಾಟ ಆಗುವ ಮಾತಲ್ಲ. ಆ ಕಾರು ಓಡಿದರೆ ಮಾತ್ರ ಆ ಮೂವರು ವಾರಕ್ಕೆ ಮೂರು ಸಲ ಆಸ್ಪತ್ರೆ ಮುಟ್ಟುತ್ತಿದ್ದರು.

ಮೊದಲ ಸಲ ಬಂದಾಗ ಅವಳ ದೂರು ಇಷ್ಟೇ. ‘ಮೋನಪ್ಪಣ್ಣ, ಕಂಪೆನಿ ಟಯರು ಒಂದು ವರ್ಷವೂ ಬರ್ಲಿಲ್ಲ. ನೋಡಿ, ಹೇಗೆ ಆಗಿದೆ ಅಂತ.’

ನಾನು ಕೂತು ಅಂಗೈ ಇಟ್ಟೆ. ಎರಡೂ ಅಂಚು ಬೋಳಾಗಿತ್ತು, ನಡುವಿನ ಗ್ರಿಪ್ಪು ಉಳಿದಿತ್ತು. ನಾಲ್ಕೂ ಟಯರು ಹಾಗೆಯೇ. ನನ್ನ ಬಾಯಿಯಿಂದ ಸರಿಯಾದ ಪ್ರಶ್ನೆಯೇ ಬಂತು.

‘ಗಾಳಿ ಎಷ್ಟು ಹಾಕ್ತಿ?’

‘ಎಷ್ಟು ಅಂದ್ರೆ? ಮೂವತ್ತು. ಪ್ರತಿ ಭಾನುವಾರ ನಾನೇ ಮೀಟರು ಇಟ್ಟು ನೋಡ್ತೇನೆ. ಅಪ್ಪ ಇದ್ದಾಗಿಂದ ನಿಮ್ಮ ಗೋಡೆ ನೋಡಿಯೇ ದೊಡ್ಡವಳಾದ್ದು ಅಲ್ವಾ ನಾನು?’

ಅಲ್ಲಿಗೆ ನನ್ನ ಬುದ್ಧಿ ನಿಂತುಹೋಯಿತು. ಅಂಗೈ ಹೇಳುತ್ತಿದೆ ಗಾಳಿ ಕಡಿಮೆ ಎಂದು. ಗೋಡೆ ಹೇಳುತ್ತಿದೆ ಗಾಳಿ ಸರಿ ಉಂಟು ಎಂದು. ಗೋಡೆ ಬರೆದವನು ನಾನು. ಹಾಗಾಗಿ ಅಂಗೈಯನ್ನು ಬಿಟ್ಟು ಗೋಡೆಯನ್ನು ನಂಬಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ನೆಲವನ್ನೇ ಹಿಡಿದೆ.

‘ನಿಮ್ಮ ನೆರಿಯದ ರಸ್ತೆ ಸರಿ ಇಲ್ಲ ಮಾರಾಯ್ತಿ. ತಿರುವು ಜಾಸ್ತಿ, ಜಲ್ಲಿ ಜಾಸ್ತಿ. ಈ ತೆಳು ಟಯರು ಅಲ್ಲಿಗೆ ಆಗುವುದಿಲ್ಲ. ನಾನು ಗಟ್ಟಿದು ಹಾಕಿ ಕೊಡ್ತೇನೆ’ ಎಂದೆ.

ಸೈಜು ಅದೇ, ಆದರೆ ದಪ್ಪ ದಪ್ಪ ಗ್ರಿಪ್ಪಿನ, ಕಾಡುದಾರಿಗೆ ಮಾಡಿದ ಟಯರು ನಾಲ್ಕು ಹಾಕಿದೆ. ನೋಡಲು ಪೈಲ್ವಾನನ ಹಾಗಿತ್ತು. ಗಾಳಿ ಎಷ್ಟು ಹಾಕಿದೆ ಎಂದು ನೀವು ಕೇಳಬೇಕಿಲ್ಲ.

ಒಂದು ತಿಂಗಳು ಆಗಿರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವಾಗಲೇ ಅವಳ ಕಾರು ಬಾಗಿಲಲ್ಲಿ ನಿಂತಿತ್ತು. ಅವಳು ಇಳಿಯಲಿಲ್ಲ. ಗ್ಲಾಸು ಇಳಿಸಿ ನನ್ನನ್ನು ನೋಡಿದ ನೋಟದಲ್ಲೇ ಏನೋ ಆಗಿದೆ ಎಂದು ತಿಳಿಯಿತು.

‘ನಿನ್ನೆ ದಾರಿಯಲ್ಲಿ ನಿಂತಿತು ಮೋನಪ್ಪಣ್ಣ. ನಮ್ಮೂರ ಏರು ಹತ್ತುವ ಮೊದಲೇ ಚಾರ್ಜು ಖಾಲಿ. ಕಂಪೆನಿ ಟಯರಲ್ಲಿ ಮನೆಗೆ ಬರುವಾಗ ನೂರರಲ್ಲಿ ಹತ್ತು ಹನ್ನೆರಡಾದ್ರೂ ಉಳೀತಿತ್ತು. ನೀವು ಈ ಟಯರು ಹಾಕಿದ ಮೇಲೆ ದಿನಾ ಕಡಿಮೆ ಕಡಿಮೆ. ನಿನ್ನೆ ಪೂರಾ ಸೊನ್ನೆ. ಸೂಜಿ ಚುಚ್ಚಿಸಿಕೊಂಡು ಬಂದ ಮೂವರು ಬಿಸಿಲಲ್ಲಿ ಮೋರಿಕಟ್ಟೆ ಮೇಲೆ ಕೂತ್ರು. ಅವರಲ್ಲಿ ಐತಪ್ಪಣ್ಣ ತಲೆ ತಿರುಗಿ ಬಿದ್ದೇ ಹೋದ್ರು. ಯಾರದೋ ಜೀಪು ಸಿಕ್ಕಿದ್ದಕ್ಕೆ ಆಯ್ತು.’

ನಾನು ಏನೋ ಹೇಳಲು ಹೋದೆ. ಅವಳು ಬಿಡಲಿಲ್ಲ.

‘ಲಿಲ್ಲಿ ಬಾಯಿಯ ಮಗಳು ಫೋನು ಮಾಡಿ, ಇನ್ನು ಅಮ್ಮನನ್ನು ನಿಮ್ಮ ಗಾಡಿಯಲ್ಲಿ ಕಳಿಸುವುದಿಲ್ಲ ಅಂದ್ಲು. ಒಂದೇ ಒಂದು ಸಲ ನೋಡಿ ಅಂತ ಕೈ ಮುಗಿದು ಹೇಳಿದ್ದೇನೆ. ಸೋಮವಾರ ಮತ್ತೆ ಪಾಳಿ. ಅಷ್ಟರಲ್ಲಿ ಸರಿ ಆಗದಿದ್ರೆ ಗಾಡಿ ಮಾರ್ತೇನೆ. ಬೇರೆ ದಾರಿ ಇಲ್ಲ. ಅವರು ಮೂವರು ಎಂತ ಮಾಡ್ತಾರೆ ಅಂತ ನನಗೆ ಗೊತ್ತಿಲ್ಲ.’

ಮೂಡುಬಿದಿರೆಯಲ್ಲೇ ಚಾರ್ಜು ಮಾಡಬಾರದಿತ್ತೇ ಎಂದು ಕೇಳಿದೆ. ಡಯಾಲಿಸಿಸ್ ನಡೆಯುವ ನಾಲ್ಕು ಗಂಟೆ ಆಸ್ಪತ್ರೆಯಲ್ಲಿ ಮೂವರಿಗೂ ಜೊತೆಯ ಜನ ಅಂತ ಇರುವವಳು ಅವಳೊಬ್ಬಳೇ. ಅವರನ್ನು ಬಿಟ್ಟು ಊರಿನ ಆಚೆ ತುದಿಯ ಚಾರ್ಜಿಂಗ್ ಜಾಗದಲ್ಲಿ ಸಾಲು ನಿಲ್ಲುವುದು ಹೇಗೆ? ಒಂದು ಚಾರ್ಜಿನಲ್ಲಿ ಹೋಗಿ ಬರಬೇಕು, ಅಷ್ಟೇ. ನಾನು ಹಾಕಿದ ಟಯರಿನಿಂದ ಅದು ತಪ್ಪಿತ್ತು. ಐತಪ್ಪಣ್ಣ ಮೋರಿಕಟ್ಟೆಯಿಂದ ಬಿದ್ದದ್ದು ನನ್ನಿಂದ.

ನಾಲ್ಕೂ ಟಯರನ್ನು ಬಿಚ್ಚುವ ಮೊದಲು ಅವಳನ್ನು ಇಳಿಸಿ, ಚಾಲಕಿಯ ಬದಿಯ ಬಾಗಿಲು ಪೂರ್ತಿ ತೆರೆದು, ಸ್ಟೇರಿಂಗ್ ನೇರ ಇದೆಯೇ ಎಂದು ಬಗ್ಗಿ ನೋಡಿದೆ. ಏಳಲು ಹೋದರೆ ಮೊಣಕಾಲು ಹಿಡಿದುಕೊಂಡಿತು. ಬಾಗಿಲಿನ ಕಂಬ ಹಿಡಿದು ಹಾಗೆಯೇ ನೆಲದ ಮೇಲೆ ಕುಕ್ಕರಿಸಿದೆ. ಆಗ ಕಣ್ಣಿನ ನೇರಕ್ಕೆ, ಬಾಗಿಲು ಮುಚ್ಚಿದರೆ ಮರೆಯಾಗುವ ಜಾಗದಲ್ಲಿ, ಅಂಗೈಯಷ್ಟಗಲದ ಒಂದು ಚೀಟಿ ಕಂಡಿತು. ಟಯರಿನ ಚಿತ್ರ, ಕೆಲವು ಅಂಕಿಗಳು. ಕನ್ನಡಕ ಏರಿಸಿ ಓದಿದೆ. ಮುಂದಿನದಕ್ಕೆ ಮೂವತ್ತಾರು. ಹಿಂದಿನದಕ್ಕೆ ಮೂವತ್ತಾರು.

ಮತ್ತೊಮ್ಮೆ ಓದಿದೆ. ಆಮೇಲೆ ಅಂಗಡಿಯ ಎದುರಿದ್ದ ಒಂದು ಪೆಟ್ರೋಲು ಕಾರಿನ ಬಾಗಿಲು ತೆಗೆದು ನೋಡಿದೆ. ಅಲ್ಲಿಯೂ ಚೀಟಿ ಉಂಟು, ಅದರಲ್ಲಿ ಮೂವತ್ತೊಂದು. ಅಷ್ಟು ವರ್ಷ ನನ್ನ ಮೂವತ್ತು ನಡೆದದ್ದು ಯಾಕೆ ಎಂದು ಆಗ ಅರ್ಥವಾಯಿತು. ಆ ಗಾಡಿಗಳಿಗೆ ಅದು ಹೆಚ್ಚುಕಡಿಮೆ ಸರಿಯೇ ಇತ್ತು. ಬ್ಯಾಟರಿ ಹೊತ್ತ ಗಾಡಿ ಅದೇ ಗಾತ್ರದ ಬೇರೆ ಗಾಡಿಗಿಂತ ಎಷ್ಟೋ ಭಾರ. ಅದಕ್ಕೆ ಆರು ಕಡಿಮೆ ಹಾಕಿದರೆ ಟಯರು ಭಾರಕ್ಕೆ ಹೊಟ್ಟೆ ಬಿಟ್ಟು ಅಂಚಿನ ಮೇಲೆ ನಡೆಯುತ್ತದೆ, ಬೇಗ ಸವೆಯುತ್ತದೆ, ಚಾರ್ಜನ್ನೂ ತಿನ್ನುತ್ತದೆ. ಅದರ ಮೇಲೆ ನಾನು ಹಾಕಿದ ಪೈಲ್ವಾನ್ ಟಯರು ಬೇರೆ. ಕಾಲಿಗೆ ಗಂಬೂಟು ಹಾಕಿ ಓಡಲು ಹೇಳಿದ ಹಾಗೆ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಅವಳು ದಿನಕ್ಕೆ ಇಪ್ಪತ್ತು ಸಲ ತೆರೆದು ಮುಚ್ಚುವ ಬಾಗಿಲಿನಲ್ಲಿ ಉತ್ತರ ಅಂಟಿಕೊಂಡಿತ್ತು. ಅವಳು ಅದನ್ನು ಓದದೆ ಇದ್ದದ್ದು ನನ್ನ ಗೋಡೆಯನ್ನು ಓದಿದ್ದರಿಂದ.

ನಿಜ ಹೇಳುತ್ತೇನೆ, ಸುಮ್ಮನೆ ಮೂವತ್ತಾರು ತುಂಬಿಸಿ, ‘ಅಲೈನ್‌ಮೆಂಟ್ ತಪ್ಪಿತ್ತು’ ಎಂದು ಸುಳ್ಳು ಹೇಳಿ ಕಳಿಸುವ ಅಂತ ಒಂದು ಕ್ಷಣ ಮನಸ್ಸಾಯಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಊರಿನಲ್ಲಿ ಇನ್ನೆಷ್ಟು ಬ್ಯಾಟರಿ ಕಾರುಗಳು ನನ್ನ ಮೂವತ್ತರಲ್ಲಿ ಓಡುತ್ತಿವೆಯೋ?

‘ವಿಮಲಾ, ಇಲ್ಲಿ ಬಾ’ ಎಂದೆ. ‘ಇದನ್ನು ಓದು. ತಪ್ಪು ನಿನ್ನ ರಸ್ತೆಯದ್ದಲ್ಲ, ನಿನ್ನ ಗಾಡಿಯದ್ದಲ್ಲ. ನನ್ನದು.’

ಅವಳು ಬಗ್ಗಿ ಓದಿದಳು. ಗೋಡೆ ನೋಡಿದಳು. ಮತ್ತೆ ಚೀಟಿ ನೋಡಿದಳು. ಬೈಯುತ್ತಾಳೆ ಎಂದು ಕಾದೆ.

‘ಅಪ್ಪ ಇದ್ದಿದ್ರೆ ನಿಮ್ಮನ್ನು ಒದೀತಿದ್ರು, ಟಯರನ್ನಲ್ಲ’ ಎಂದಳು. ಆಮೇಲೆ ಸ್ವರ ಸಣ್ಣದು ಮಾಡಿ, ‘ಸೋಮವಾರಕ್ಕೆ ಆಗ್ತದಾ ಮೋನಪ್ಪಣ್ಣ?’ ಎಂದು ಕೇಳಿದಳು.

‘ಆಗ್ತದೆ’ ಎಂದೆ. ಆಗುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ.

ಆ ಶನಿವಾರ ನಾನು ಕಲಿತಷ್ಟನ್ನು ಅದಕ್ಕೆ ಮೊದಲಿನ ಹತ್ತು ವರ್ಷಗಳಲ್ಲಿ ಕಲಿತಿರಲಿಲ್ಲ. ಅಂಗಡಿಯಲ್ಲಿ ಅವಳ ಸೈಜಿನ ಟಯರು ಮೂರು ಬಗೆಯದ್ದಿತ್ತು. ಪೈಲ್ವಾನ್ ಬೇಡ. ಎಲ್ಲಕ್ಕಿಂತ ಅಗ್ಗದ್ದನ್ನು ಎತ್ತಿಕೊಂಡೆ. ಟಯರಿನ ಬದಿಯಲ್ಲಿ ಸೈಜಿನ ನಂತರ ಇನ್ನೊಂದು ಅಂಕಿ ಇರುತ್ತದೆ, ಅದು ಎಷ್ಟು ಭಾರ ಹೊರುತ್ತದೆ ಎಂಬ ಗುರುತು. ಜೀವಮಾನವಿಡೀ ಅದನ್ನು ಧೂಳು ಒರೆಸುವಾಗ ಮಾತ್ರ ನೋಡಿದವನು ಅಂದು ಬಾಗಿಲಿನ ಚೀಟಿಯ ಜೊತೆ ಹಿಡಿದು ನೋಡಿದೆ. ಚೀಟಿ ಕೇಳಿದ್ದಕ್ಕಿಂತ ಕಡಿಮೆ. ಸೈಜು ಒಂದೇ ಆದರೂ ಹೊರುವ ಶಕ್ತಿ ಸಾಲದು. ಅದನ್ನೂ ಬಿಟ್ಟೆ. ಮೂರನೆಯದು ಭಾರಕ್ಕೆ ಸರಿಯಿತ್ತು, ಆದರೆ ನೆಲವನ್ನು ಹಿಡಿದುಕೊಂಡು ಉರುಳುವ ಮೆದು ರಬ್ಬರು, ಚಾರ್ಜು ತಿನ್ನುವಂಥದ್ದು. ಬೇಕಾದದ್ದು ಭಾರವನ್ನೂ ಹೊರಬೇಕು, ಹಗುರಾಗಿ ಉರುಳಲೂ ಬೇಕು, ಮಳೆಗಾಲದಲ್ಲಿ ನೆರಿಯದ ಇಳಿತದಲ್ಲಿ ಜಾರಲೂಬಾರದು. ಅಂಥ ಟಯರು ಮಂಗಳೂರಿನಲ್ಲಿ ಒಂದು ಕಡೆ ಸಿಕ್ಕಿತು. ಬೆಲೆ ಅಗ್ಗದ ಟಯರಿಗಿಂತ ಹೆಚ್ಚು.

ಬ್ಯಾರಿಗಳಿಗೆ ಎಲ್ಲವನ್ನೂ ಹೇಳಿದೆ. ‘ಪೈಲ್ವಾನ್ ಟಯರು ನಾವು ವಾಪಾಸು ತಗೊಳ್ಳುವ’ ಎಂದರು ಅವರು. ‘ಅವಳಿಂದ ಎರಡು ಸಲ ದುಡ್ಡು ತಗೊಳ್ಳುದು ಬೇಡ.’ ಅಷ್ಟು ಹೇಳಿ ಚಾ ತರಿಸಿದರು. ನಾನು ಕುಡಿದೆ.

ಭಾನುವಾರ ಬೆಳಿಗ್ಗೆ ನಾಲ್ಕು ಟಯರು ಮಂಗಳೂರಿನ ಬಸ್ಸಿನ ತಲೆಯ ಮೇಲೆ ಕೂತು ಬಂದವು. ಕಂಡಕ್ಟರು ಮೇಲಿನಿಂದ ಉರುಳಿಸಿದ, ನಾನು ಕೆಳಗೆ ಹಿಡಿದೆ. ವಿಮಲಾ ಮತ್ತೆ ತಂದ ಗಾಡಿಗೆ ಹಾಕಿದೆ, ಅಲೈನ್‌ಮೆಂಟ್ ಮಾಡಿದೆ, ಟಯರು ತಣ್ಣಗಿರುವಾಗ ಮೂವತ್ತಾರು ತುಂಬಿಸಿದೆ. ಮೂವತ್ತು ದಾಟುವಾಗ ಕೈ ಒಮ್ಮೆ ತಡೆಯಿತು, ಅಭ್ಯಾಸಬಲ.

‘ನಾಳೆ ನಾನೂ ಬರ್ತೇನೆ. ಗಾಡಿ ನಿಂತ್ರೆ ದೂಡ್ಲಿಕ್ಕೆ ಒಂದು ಜನ ಆಯ್ತು’ ಎಂದೆ.

‘ನಿಮ್ಮ ಭಾರ ಬೇರೆಯಾ?’ ಎಂದಳು. ಆದರೆ ಬೇಡ ಎನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಗುರುವಾಯನಕೆರೆಗೆ ಹೋಗಿ ಅವಳ ಕಾರು ಹತ್ತಿದೆ. ಮುಂದೆ ಐತಪ್ಪಣ್ಣ. ಮೊದಲು ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದವರು, ಈಗ ಮೈಯೆಲ್ಲ ಒಣಗಿ ಕಣ್ಣು ಮಾತ್ರ ಚುರುಕು. ಹಿಂದೆ ಲಿಲ್ಲಿ ಬಾಯಿ, ಪಕ್ಕದಲ್ಲಿ ಮಾತೇ ಆಡದ ಕೇಶವ ಭಟ್ಟರು, ಬಾಗಿಲಿಗೆ ಒತ್ತಿಕೊಂಡು ನಾನು. ಮುಂದಿನ ಪರದೆಯಲ್ಲಿ ಚಾರ್ಜು ಶೇಕಡಾ ಎಷ್ಟು ಉಳಿದಿದೆ ಎಂದು ಅಂಕಿ ಕಾಣುತ್ತಿತ್ತು. ಅದನ್ನು ಓದುವ ಹೊಣೆಯನ್ನು ಐತಪ್ಪಣ್ಣ ತಾವಾಗಿಯೇ ವಹಿಸಿಕೊಂಡರು.

‘ಇವರೇ ಅಲ್ವಾ ನನ್ನನ್ನು ಮೋರಿಯಿಂದ ಕೆಡವಿದ್ದು?’ ಎಂದು ವಿಮಲಾಳನ್ನು ಕೇಳಿದರು.

‘ಹೌದು ಐತಪ್ಪಣ್ಣ, ನಾನೇ’ ಎಂದೆ.

‘ಹಾಗಾದ್ರೆ ಇವತ್ತು ಬೀಳುದಾದ್ರೆ ನಿಮ್ಮ ಮೇಲೆಯೇ ಬೀಳ್ತೇನೆ’ ಎಂದರು. ಭಟ್ಟರೂ ನಕ್ಕರು.

ಆಸ್ಪತ್ರೆ ಮುಟ್ಟುವಾಗ ಅರವತ್ತೆರಡು ಇತ್ತು. ಕಳೆದ ವಾರ ಅಲ್ಲಿಗೆ ಬರುವಾಗಲೇ ಐವತ್ತರ ಹತ್ತಿರಕ್ಕೆ ಇಳಿದಿತ್ತೆಂದು ವಿಮಲಾ ಮೆಲ್ಲಗೆ ಹೇಳಿದಳು. ಆದರೂ ಅವಳ ಮುಖದ ಬಿಗಿ ಸಡಿಲಲಿಲ್ಲ. ಮನೆಯಿಂದ ಹೊರಡುವಾಗ ಇಳಿತ, ಮರಳುವಾಗ ಏರು. ನಾಲ್ಕು ಗಂಟೆ ಅವಳು ಒಳಗೆ ಕೂತಳು. ನಾನು ಹೊರಗೆ ಮೂರು ಸಲ ಟಯರು ಮುಟ್ಟಿ ನೋಡಿದೆ. ಮುಟ್ಟಿದರೆ ಚಾರ್ಜು ಉಳಿಯುವುದಿಲ್ಲ ಎಂದು ಗೊತ್ತಿದ್ದೂ ಮುಟ್ಟಿದೆ.

ಮರಳುವಾಗ ಮೂವರೂ ಸೋತಿದ್ದರು. ಲಿಲ್ಲಿ ಬಾಯಿ ನನ್ನ ಹೆಗಲಿಗೆ ತಲೆ ಒರಗಿಸಿ ನಿದ್ದೆ ಹೋದರು. ಐತಪ್ಪಣ್ಣ ಮಾತ್ರ ಕಣ್ಣು ಅರ್ಧ ಮುಚ್ಚಿಕೊಂಡೇ ಓದುತ್ತಿದ್ದರು. ‘ವೇಣೂರು, ನಲವತ್ತೊಂಬತ್ತು.’ ‘ಬೆಳ್ತಂಗಡಿ, ಮೂವತ್ತೆಂಟು.’ ‘ಉಜಿರೆ, ಮೂವತ್ನಾಲ್ಕು.’ ಕಕ್ಕಿಂಜೆಯಲ್ಲಿ ಇಪ್ಪತ್ತೆಂಟು. ಆ ಮೋರಿಕಟ್ಟೆ ಬಂತು. ವಿಮಲಾ ಗಾಡಿ ನಿಧಾನ ಮಾಡಿದಳು. ನಾನು ಎದುರಿನ ಸೀಟಿನ ಸಂದಿಯಲ್ಲಿ ತಲೆ ತೂರಿಸಿ ನೋಡಿದೆ, ಇಪ್ಪತ್ತೈದು.

‘ಹತ್ತಿಸು’ ಎಂದೆ.

ಐದು ಜನರನ್ನು ಹೊತ್ತು ಗಾಡಿ ಸದ್ದಿಲ್ಲದೆ ಏರು ಹತ್ತಿತು. ಇಪ್ಪತ್ಮೂರು, ಇಪ್ಪತ್ತೊಂದು, ಇಪ್ಪತ್ತು. ಮೇಲಿನ ಕೊನೆಯ ತಿರುವಿನಲ್ಲಿ ಹತ್ತೊಂಬತ್ತು ಆಯಿತು. ನೆಲ ಸಮ ಆಯಿತು. ಹತ್ತೊಂಬತ್ತು ಹತ್ತೊಂಬತ್ತಾಗಿಯೇ ನಿಂತಿತು. ಲಿಲ್ಲಿ ಬಾಯಿಯ ಮನೆಯೆದುರು ಗಾಡಿ ನಿಲ್ಲಿಸಿ ವಿಮಲಾ ಹಾರನ್ ಒತ್ತಿದ್ದು ಇಡೀ ಗುಡ್ಡಕ್ಕೆ ಕೇಳಿಸಿರಬೇಕು. ಲಿಲ್ಲಿ ಬಾಯಿಯ ಮಗಳು ಹೆದರಿ ಓಡಿ ಬಂದಳು.

‘ಎಂತ ಆಯ್ತು? ಅಮ್ಮನಿಗೆ ಎಂತ ಆಯ್ತು?’

‘ಎಂತದೂ ಆಗ್ಲಿಲ್ಲ ಮಾರಾಯ್ತಿ’ ಎಂದರು ಐತಪ್ಪಣ್ಣ, ಕಂಬಳದಲ್ಲಿ ಗೆದ್ದ ಕೋಣದ ಯಜಮಾನನ ಗತ್ತಿನಲ್ಲಿ. ‘ಹತ್ತೊಂಬತ್ತು ಬಾಕಿ ಉಂಟು. ಬೇಕಾದ್ರೆ ನಿನ್ನನ್ನು ಕಕ್ಕಿಂಜೆಗೆ ಬಿಟ್ಟು ಬರ್ತೇವೆ.’

ವಿಮಲಾ ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಅತ್ತಳು, ನಗುತ್ತಲೂ ಇದ್ದಳು. ನನಗೆ ಆ ಕ್ಷಣ ಆದ ಸಂತೋಷ ಮೂವತ್ತೆಂಟು ವರ್ಷದಲ್ಲಿ ಇನ್ನೊಮ್ಮೆ ಆಗಿರಲಿಲ್ಲ. ನಾಚಿಕೆ ಬಿಟ್ಟು ನಾನೂ ಕಣ್ಣೊರೆಸಿಕೊಂಡೆ.

ಮಂಗಳವಾರ ಅಂಗಡಿಗೆ ಹೋಗಿ ಗೋಡೆಯ ಎದುರು ನಿಂತೆ. ಬ್ಯಾರಿಗಳು ಬಂದು ಪಕ್ಕದಲ್ಲಿ ನಿಂತರು. ‘ಗೋಡೆ ನನ್ನದು ಮೋನಪ್ಪಣ್ಣ, ನಂಬರು ನಿಮ್ಮದು. ಅಳಿಸುದಾದ್ರೆ ನೀವೇ ಅಳಿಸ್ಬೇಕು’ ಎಂದರು. ಸುಣ್ಣ ತಂದೆ. ಮೂವತ್ತರ ಮೇಲೆ ಮೂರು ಸಲ ಬಳಿದರೂ ಕೆಂಪು ಇಣುಕಿತು, ನಾಲ್ಕನೆಯ ಸಲಕ್ಕೆ ಹೋಯಿತು. ಆಮೇಲೆ ಅದೇ ಆಳೆತ್ತರದ ಅಕ್ಷರದಲ್ಲಿ ಬರೆದೆ: ‘ಗಾಳಿ ಎಷ್ಟೆಂದು ನಿಮ್ಮ ಗಾಡಿಯ ಬಾಗಿಲು ತೆಗೆದು ನೋಡಿ.’ ಕೆಳಗಿದ್ದ ‘ಒದೆಯಬೇಡಿ’ಯನ್ನು ಹಾಗೆಯೇ ಬಿಟ್ಟೆ. ಆ ವಾರವಿಡೀ ಬ್ಯಾಟರಿ ಕಾರಿನವರಿಗೆಲ್ಲ ಫೋನು ಮಾಡಿ ಮಾಡಿ ನನ್ನ ತಪ್ಪು ಹೇಳಿದೆ. ಕೆಲವರು ಬೈದರು, ಹೆಚ್ಚಿನವರು ನಕ್ಕರು, ಎಲ್ಲರೂ ಗಾಳಿ ಹಾಕಿಸಲು ಬಂದರು.

ಹೊಸದಾಗಿ ಈ ಕೆಲಸಕ್ಕೆ ಬಂದವರು ಬ್ಯಾಟರಿ ಕಾರಿನ ಖರ್ಚು ಕಡಿಮೆ ಮಾಡುವುದು ಹೇಗೆ ಎಂದು ನನ್ನನ್ನು ಕೇಳುತ್ತಾರೆ. ಚಾರ್ಜಿಗೆ ಹೋಗುವುದು ಚಿಲ್ಲರೆ, ಟಯರಿಗೆ ಹೋಗುವುದು ನೋಟು ಎನ್ನುತ್ತೇನೆ. ಕಾಲಿಟ್ಟ ಕೂಡಲೇ ನೆಗೆಯುವ ಗಾಡಿ ಅದು, ಮೆಲ್ಲಗೆ ಹೊರಡಿಸಿದರೆ ರಬ್ಬರು ಉಳಿಯುತ್ತದೆ. ಇಂಜಿನ್ ಇಲ್ಲದ ಗಾಡಿಯಲ್ಲಿ ಸರ್ವಿಸಿಗೆ ಹೋಗುವ ಸಂದರ್ಭ ಕಡಿಮೆ, ಹಾಗಾಗಿ ಎಳೆಯುವ ಚಕ್ರದ ಟಯರನ್ನು ಹಿಂದು ಮುಂದು ಬದಲಿಸುವುದನ್ನೇ ಜನ ಮರೆಯುತ್ತಾರೆ, ನೀವು ನೆನಪಿಸಬೇಕು. ಅಗ್ಗದ ಟಯರು ಕೇಳಿದವರಿಗೆ ಅದು ಎಷ್ಟು ದೂರ ಓಡುತ್ತದೆ ಎಂದು ಮೊದಲು ಹೇಳಿ, ಬೆಲೆಯನ್ನು ಆಮೇಲೆ ಹೇಳಿ. ಎಲ್ಲಕ್ಕಿಂತ ಮುಖ್ಯ, ಗೋಡೆಯನ್ನು ನಂಬಬೇಡಿ. ನಾನು ಬರೆದದ್ದಾದರೂ ಸರಿ.

ಕಳೆದ ವಾರ ವಿಮಲಾ ನಮ್ಮ ಮನೆಗೇ ಗಾಡಿ ತಂದಳು. ಐತಪ್ಪಣ್ಣ ಮುಂದಿನ ಸೀಟಿನಲ್ಲಿದ್ದರು, ಮೈಯಲ್ಲಿ ಸ್ವಲ್ಪ ಮಾಂಸ ಹತ್ತಿದೆ. ಆ ಸೋಮವಾರದ ನಂತರ ಮೂವರದೂ ಒಂದೇ ಒಂದು ಪಾಳಿ ಗಾಡಿಯಿಂದ ತಪ್ಪಿಲ್ಲ ಎಂದರು. ಟಯರು ಆಗ ನಾನು ಹಾಕಿದ ಅದೇ ನಾಲ್ಕು.

‘ಸವರಿ ನೋಡಿ ಮೋನಪ್ಪಣ್ಣ’ ಎಂದಳು ವಿಮಲಾ.

ಮೊಣಕಾಲು ಬೇಡ ಎಂದರೂ ಕೂತೆ. ಅಂಗೈಯನ್ನು ಒಳಗಿನಿಂದ ಹೊರಗೆ ಎಳೆದೆ, ಹೊರಗಿನಿಂದ ಒಳಗೆ ಎಳೆದೆ. ಅಂಚು, ನಡು, ಅಂಚು. ಎಲ್ಲಿಯೂ ಕೈ ತಡೆಯಲಿಲ್ಲ. ಎರಡು ವರ್ಷದಷ್ಟು ಸವೆದಿತ್ತು, ಆದರೆ ಎಲ್ಲ ಕಡೆ ಒಂದೇ ಸಮ. ನನ್ನ ಜೀವಮಾನದಲ್ಲಿ ಅಷ್ಟು ಚಂದ ಸವೆದ ಟಯರನ್ನು ನಾನು ಮುಟ್ಟಿರಲಿಲ್ಲ.

‘ಗಾಳಿ ಎಷ್ಟು ಹಾಕ್ತಿ?’ ಎಂದು ಕೇಳಿದೆ. ಉತ್ತರ ಗೊತ್ತಿದ್ದೂ ಅವಳ ಬಾಯಿಂದ ಕೇಳುವ ಆಸೆ.

ಅವಳು ಬಾಗಿಲು ಪೂರ್ತಿ ತೆರೆದು ಹಿಡಿದಳು.

‘ಕನ್ನಡಕ ಹಾಕಿ, ನೀವೇ ಓದಿ’ ಎಂದಳು.

ಹಾಕಿದೆ. ನಾಲ್ಕು ಮನೆಗೆ ಕೇಳುವಷ್ಟು ಜೋರಾಗಿ ಓದಿದೆ.